ವಾಪಸ್ ಬರುವ ಬಾಣ

ಹೋದ ವರ್ಷ ಮಳೆಗಾಲದಲ್ಲಿ ಒಂದು ಅನುವಾದ ಸಂಸ್ಥೆಗಾಗಿ, ಮಾತ್ರೆಯ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಆ ಮಾಹಿತಿ ಚೀಟಿಯನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಕೆಲಸ ತೆಗೆದುಕೊಳ್ಳುವುದು, ಒಪ್ಪಿಸುವುದು, ಬಿಲ್ಲು ಹಾಕುವುದು ಎಲ್ಲವೂ ಅವರ ಪೋರ್ಟಲ್‌ನಲ್ಲೇ ಆಗಬೇಕು. 'ಸಬ್‌ಮಿಟ್' ಒತ್ತಿ ಚಹಾ ಮಾಡಿಕೊಳ್ಳಲು ಎದ್ದೆ. ನೀರು ಕುದಿಯುವಷ್ಟರಲ್ಲಿ ನೆನಪಾಯಿತು: ಮೂರನೇ ಪ್ಯಾರಾದಲ್ಲಿ 'ಖಾಲಿ ಹೊಟ್ಟೆಯಲ್ಲಿ' ಎಂಬ ಎರಡು ಪದ ಬಿಟ್ಟುಹೋಗಿದೆ.

ಓಡಿ ಬಂದು ನೋಡಿದರೆ ಫೈಲು ಆಗಲೇ 'ಪರಿಶೀಲನೆ' ಹಂತಕ್ಕೆ ಹೋಗಿತ್ತು. ನನಗೆ ತೆರೆಯಲು ಬರುವುದಿಲ್ಲ. ಕೆಲಸ ಹಂಚುವ ಮೇಡಂಗೆ ಫೋನ್ ಮಾಡಿದೆ. ಆಕೆ ಒಳ್ಳೆಯವರು, ನನ್ನ ಜೊತೆ ಐದು ವರ್ಷದ ಒಡನಾಟ. ಆದರೆ ಅವರ ಪರದೆಯ ಮೇಲೂ ಎರಡೇ ಗುಂಡಿ ಇದ್ದವಂತೆ: ಸ್ವೀಕರಿಸು, ತಿರಸ್ಕರಿಸು. ಸುಮ್ಮನೆ ವಾಪಸ್ ಕೊಡಲು ಬರುವುದಿಲ್ಲ. ತಿರಸ್ಕರಿಸಿದರೆ ಮಾತ್ರ ಫೈಲು ನನ್ನ ಹತ್ತಿರ ಬರುತ್ತದೆ, ಆದರೆ ನನ್ನ ಹೆಸರಿನ ಮುಂದೆ ಒಂದು ತಿರಸ್ಕಾರ ದಾಖಲಾಗುತ್ತದೆ. ಅಂಥವು ಹೆಚ್ಚಾದರೆ ಕೆಲಸ ಬರುವುದು ತಾನಾಗಿಯೇ ಕಡಿಮೆಯಾಗುತ್ತದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ನಾನೇ ಹೇಳಿದೆ, ತಿರಸ್ಕರಿಸಿ ಮೇಡಂ ಅಂತ. ಚೀಟಿ ಸರಿಯಾಯಿತು. ನನ್ನ ಲೆಕ್ಕದಲ್ಲಿ ಚುಕ್ಕೆ ಉಳಿಯಿತು.

ಯಾವ ಆಫೀಸಿನಲ್ಲಾದರೂ ದಿನಕ್ಕೆ ಹತ್ತು ಸಲ ನಡೆಯುವ ಕೆಲಸ ಇದು. 'ಇದೊಂದು ಸರಿಮಾಡಿ ಕೊಡಿ' ಎಂದು ಕಾಗದವನ್ನು ಮೇಜಿನ ಆಚೆಗೆ ತಳ್ಳಿದರೆ ಮುಗಿಯಿತು. ಅಷ್ಟು ಸಣ್ಣ ಸಂಗತಿ ಸಾಫ್ಟ್‌ವೇರಿನೊಳಗೆ ಹೋಗುವಾಗ ಎಲ್ಲಿ ಬಿದ್ದುಹೋಯಿತು? ನಾನು ಇಂಜಿನಿಯರ್ ಅಲ್ಲ. ಭಾಷಾಶಾಸ್ತ್ರ ಓದಿ ಅನುವಾದದಲ್ಲಿ ಹೊಟ್ಟೆ ಹೊರೆಯುವವಳು. ಆದರೂ ಈ ಪ್ರಶ್ನೆ ಹಿಡಿದು ಓದುತ್ತ ಹೋದಾಗ ಸಿಕ್ಕಿದ್ದು ನನಗೆ ಚೆನ್ನಾಗಿ ಗೊತ್ತಿರುವ ಕಥೆಯೇ. ಕಚೇರಿಯ ಕೆಲಸವನ್ನು ಮನುಷ್ಯರಿಗಾಗಿ ಚಿತ್ರದಲ್ಲಿ ಬರೆದರು. ಆ ಚಿತ್ರವನ್ನು ಯಂತ್ರದ ಭಾಷೆಗೆ ಅನುವಾದ ಮಾಡಲು ಹೊರಟರು. ಮೂಲದಲ್ಲಿ ಹೇಳದೆ ಬಿಟ್ಟದ್ದನ್ನೆಲ್ಲ ಅನುವಾದದಲ್ಲಿ ಯಾರೋ ತೀರ್ಮಾನಿಸಬೇಕಾಗಿ ಬಂತು.

ಮನುಷ್ಯರಿಗಾಗಿ ಬರೆದ ಚಿತ್ರ

ಕೆಲಸವನ್ನು ಚಿತ್ರವಾಗಿ ಬರೆಯುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವ ಕೆಲಸದಿಂದ ಮೇಲೆ ಬಂದವರು. ಅವರೂ ಅವರ ಹೆಂಡತಿ, ಮನಶ್ಶಾಸ್ತ್ರಜ್ಞೆ ಲಿಲಿಯನ್ ಗಿಲ್‌ಬ್ರೆತ್ ಅವರೂ ಸೇರಿ 1921ರಲ್ಲಿ ಅಲ್ಲಿಯ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ 'ಪ್ರೋಸೆಸ್ ಚಾರ್ಟ್' ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು, ಕಾಯುವುದು, ಪರೀಕ್ಷೆಗೆ ನಿಲ್ಲುವುದು, ಹೀಗೆ ಒಂದೊಂದಕ್ಕೂ ಒಂದೊಂದು ಗುರುತು. ಗುರುತುಗಳನ್ನು ಗೆರೆಯಿಂದ ಜೋಡಿಸಿ ಮುಂದಿಟ್ಟರೆ ಎಲ್ಲಿ ಸಮಯ ಹಾಳಾಗುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಕೆಲಸ ಮಾಡಲು ಅತ್ಯುತ್ತಮವಾದ ಒಂದೇ ಒಂದು ದಾರಿ ಇರುತ್ತದೆ, ಅದನ್ನು ಹುಡುಕಬಹುದು ಎಂಬುದು ಅವರ ನಂಬಿಕೆ. ಆದರೆ ಆ ಚಿತ್ರವನ್ನು ಓದುವವನು ಮನುಷ್ಯ. ಬಿಟ್ಟ ಜಾಗವನ್ನು ಅವನೇ ತುಂಬಿಕೊಳ್ಳುತ್ತಿದ್ದ.

ಯಂತ್ರಕ್ಕಾಗಿ ಬಾಣದ ಚಿತ್ರ ಬಂದದ್ದು ಕಾಲು ಶತಮಾನದ ಮೇಲೆ. 1947ರಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್‌ಮನ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಬಗೆಯನ್ನು ವಿವರಿಸುತ್ತ ಡಬ್ಬಿ ಮತ್ತು ಬಾಣಗಳ ಚಿತ್ರ ಬಳಸಿದರು. ಮುಂದೆ ಎಲ್ಲರ ಬಾಯಲ್ಲೂ ಫ್ಲೋಚಾರ್ಟ್ ಆದದ್ದು ಅದೇ. ಕೋಡ್ ಬರೆಯುವುದು ನಿಂತ ನೀರಿನಂಥ ಅನುವಾದ ಅಲ್ಲ, ಅರ್ಥ ತಾನಾಗಿಯೇ ಬೆಳೆಯುತ್ತ ಹೋಗುವುದನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಕಲೆ ಎಂಬ ಮಾತನ್ನು ಅವರು ಆಗಲೇ ಬರೆದಿದ್ದಾರೆ. ನನಗೆ ಇದು ಸಿಕ್ಕಿದ ದಿನ ಗೋಡೆಗೆ ಅಂಟಿಸಿಕೊಳ್ಳಬೇಕು ಅನ್ನಿಸಿತು. ಯಾಕೆಂದರೆ ಮುಂದಿನ ಅರ್ಧ ಶತಮಾನದ ಉದ್ದಕ್ಕೂ ಬಹಳ ಜನ ಬಯಸಿದ್ದು ಆ ನಿಂತ ನೀರಿನ ಅನುವಾದವನ್ನೇ. ಒಂದು ಕಡೆಯಿಂದ ಚಿತ್ರ ಹಾಕಿದರೆ ಇನ್ನೊಂದು ಕಡೆಯಿಂದ ಕೋಡ್ ಬರಬೇಕು, ನಡುವೆ ಯಾರೂ ಇರಬಾರದು.

ಗುಳಿ ಮತ್ತು ಬೀಜ

ಫ್ಲೋಚಾರ್ಟಿಗೆ ಒಂದು ಮಿತಿ ಇತ್ತು. ಅದರಲ್ಲಿ ಒಂದು ಹೊತ್ತಿಗೆ ಒಂದೇ ಕೆಲಸ. ಬೆರಳಿಟ್ಟು ಹಿಂಬಾಲಿಸಿದರೆ ಬೆರಳು ಒಂದೇ ಕಡೆ ಇರುತ್ತದೆ. ಕಚೇರಿ ಹಾಗಿರುವುದಿಲ್ಲ. ಲೆಕ್ಕ ವಿಭಾಗದಲ್ಲಿ ಬಿಲ್ಲು ಪರಿಶೀಲನೆ ನಡೆಯುತ್ತಿರುವಾಗಲೇ ಗೋದಾಮಿನಲ್ಲಿ ಸರಕು ಎಣಿಸುತ್ತಿರುತ್ತಾರೆ. ಎರಡೂ ಮುಗಿದ ಮೇಲೆ ಮಾತ್ರ ಚೆಕ್ಕು ಬರೆಯಬೇಕು.

ಇದನ್ನು ಗಣಿತದಲ್ಲಿ ಹಿಡಿದವರು ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ. 1962ರಲ್ಲಿ ಪ್ರಕಟವಾದ ಅವರ ಪಿಎಚ್‌.ಡಿ. ಪ್ರಬಂಧದಿಂದ ಬೆಳೆದದ್ದನ್ನು ಇವತ್ತು 'ಪೆಟ್ರಿ ನೆಟ್' ಎನ್ನುತ್ತಾರೆ. ಅಳಗುಳಿಮಣೆ ಆಡಿದವರಿಗೆ ಇದನ್ನು ಬೇಗ ಹೇಳಬಹುದು. ಗುಳಿಗಳಿವೆ, ಗುಳಿಗಳಲ್ಲಿ ಬೀಜಗಳಿವೆ. ಗುಳಿಗಳ ನಡುವೆ ಒಂದೊಂದು ಬಾಗಿಲು. ಒಂದು ಬಾಗಿಲಿಗೆ ಬಂದು ಸೇರುವ ಎಲ್ಲ ಗುಳಿಗಳಲ್ಲೂ ಬೀಜ ಇದ್ದರೆ ಮಾತ್ರ ಆ ಬಾಗಿಲು ತೆರೆಯಬಹುದು. ತೆರೆದಾಗ ಅಲ್ಲಿಂದ ಒಂದೊಂದು ಬೀಜ ಎದ್ದು, ಆಚೆಯ ಗುಳಿಗಳಲ್ಲಿ ಒಂದೊಂದು ಬೀಜ ಬೀಳುತ್ತದೆ. ನಿಯಮ ಇಷ್ಟೇ. ಆದರೆ ಈ ಇಷ್ಟರಿಂದಲೇ 'ಎರಡೂ ಮುಗಿಯಲಿ', 'ಎರಡರಲ್ಲಿ ಒಂದು ಸಾಕು', 'ಅಲ್ಲಿಯವರೆಗೆ ಕಾಯಿ' ಎಂಬ ಮಾತುಗಳಿಗೆಲ್ಲ ಖಚಿತವಾದ ಅರ್ಥ ಕೊಡಬಹುದು. ಈ ಬೀಜಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತವೆ.

1970ರ ದಶಕದ ಕೊನೆಗೆ ಇದು ಕಚೇರಿಯೊಳಕ್ಕೆ ಬಂತು. ಮೈಕೆಲ್ ಜಿಸ್ಮನ್ 1977ರಲ್ಲಿ ವಾರ್ಟನ್‌ನಲ್ಲಿ ಮಾಡಿದ ಪಿಎಚ್‌.ಡಿ. ಕೆಲಸದಲ್ಲಿ ಪೆಟ್ರಿ ನೆಟ್ ಬಳಸಿ ಕಚೇರಿಯ ವಿಧಾನಗಳನ್ನು ಬರೆದು, ಅವನ್ನು ಯಂತ್ರವೇ ನಡೆಸುವ ದಾರಿ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಕ್ಸೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಕ್ಲಾರೆನ್ಸ್ ಎಲ್ಲಿಸ್ ಇಂಥದ್ದೇ ಇನ್ನೊಂದು ಬಗೆಯ ಚಿತ್ರಭಾಷೆ ಕಟ್ಟಿದರು. ಎಲ್ಲಿಸ್ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ಫಾರಂಗಳು ಒಂದು ಪರದೆಯಿಂದ ಇನ್ನೊಂದು ಪರದೆಗೆ ತಾವೇ ಹೋಗುವ ಕಚೇರಿಯ ಕನಸು ಅಲ್ಲಿ ರೂಪ ತಾಳುತ್ತಿತ್ತು.

ಅದೇ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆಯೂ ಇದ್ದರು. ಅವರು ಚಿತ್ರ ಬರೆಯಲಿಲ್ಲ, ಕಚೇರಿಯಲ್ಲಿ ಕೂತು ನೋಡಿದರು. 1983ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಲೆಕ್ಕ ವಿಭಾಗದ ಒಂದು ಪ್ರಸಂಗ ಬರುತ್ತದೆ. ಹಳೆಯ ಬಿಲ್ಲೊಂದರ ತಕರಾರು, ಕಡತದಲ್ಲಿ ಇರಬೇಕಾದ ಕಾಗದಗಳು ಪೂರ್ತಿ ಇಲ್ಲ. ಅಲ್ಲಿಯವರು ಇದ್ದಷ್ಟು ಕಾಗದ ಮುಂದಿಟ್ಟುಕೊಂಡು, ಏನು ನಡೆದಿರಬಹುದು ಎಂದು ಇಬ್ಬರೂ ಮಾತಾಡಿ, ದಾಖಲೆಯನ್ನು ಮತ್ತೆ ಕಟ್ಟುತ್ತಾರೆ. ಕೊನೆಗೆ ಕಡತ ನೋಡಿದರೆ ಎಲ್ಲವೂ ನಿಯಮದ ಪ್ರಕಾರವೇ ಒಂದರ ಹಿಂದೆ ಒಂದು ನಡೆದಂತೆ ಕಾಣುತ್ತದೆ. ಸಚ್‌ಮನ್ ಹೇಳುವುದು ಇಷ್ಟು: ವಿಧಾನ ಇದ್ದದ್ದರಿಂದ ಕೆಲಸ ಅಚ್ಚುಕಟ್ಟಾಗಿ ನಡೆಯಿತು ಎಂದಲ್ಲ. ಗುಮಾಸ್ತರು ದುಡಿದು ಕೆಲಸವನ್ನು ಆ ವಿಧಾನದ ಆಕಾರಕ್ಕೆ ತಂದರು.

ಅಂದರೆ ಚಿತ್ರದಲ್ಲಿರುವುದು ಕೆಲಸವಲ್ಲ, ಕೆಲಸ ಮುಗಿದ ಮೇಲಿನ ಅದರ ಮುಖ. ಆ ಮುಖವನ್ನೇ ಆಜ್ಞೆ ಎಂದುಕೊಂಡು ಯಂತ್ರಕ್ಕೆ ಕೊಟ್ಟರೆ ಏನಾಗುತ್ತದೆ?

'ಅಥವಾ' ಎಂಬ ಪದ

1980ರ ದಶಕದ ಕೊನೆ, 90ರ ದಶಕದ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ತಮ್ಮ ಕೆಲಸದ ಚಿತ್ರಗಳನ್ನು ಬರೆಸತೊಡಗಿದವು. 1993ರಲ್ಲಿ ಇಂಥ ಸಾಫ್ಟ್‌ವೇರ್ ಮಾಡುವವರ ಒಂದು ಒಕ್ಕೂಟವೂ ಹುಟ್ಟಿಕೊಂಡಿತು. ಆ ಕಾಲದಲ್ಲಿ ತುಂಬ ಹರಡಿದ ಚಿತ್ರಭಾಷೆ ಜರ್ಮನಿಯ ಜಾರ್‌ಬ್ರೂಕೆನ್‌ನದು. ಅಲ್ಲಿ ಆಗಸ್ಟ್-ವಿಲ್ಹೆಲ್ಮ್ ಶೇರ್ ಮತ್ತು ಅವರ ಜೊತೆಗಾರರು 1992ರಲ್ಲಿ ರೂಪಿಸಿದ್ದನ್ನು, ಚಿಕ್ಕದಾಗಿ, ಇಪಿಸಿ ಎನ್ನುತ್ತಾರೆ. ಸ್ಯಾಪ್ ಕಂಪನಿ ತನ್ನ ಸಾಫ್ಟ್‌ವೇರಿನೊಳಗಿನ ಕೆಲಸದ ಕ್ರಮಗಳನ್ನು ವಿವರಿಸಲು ಇದನ್ನೇ ಬಳಸಿತು. ಹಾಗಾಗಿ ಕಂಪ್ಯೂಟರ್ ಓದದ ಸಾವಿರಾರು ಮ್ಯಾನೇಜರುಗಳಿಗೆ ಇದು ರೂಢಿಯಾಯಿತು.

ಅದರಲ್ಲಿ ಬಾಣಗಳು ಕವಲೊಡೆಯುವ, ಸೇರುವ ಜಾಗಗಳಲ್ಲಿ ಮೂರು ಗುರುತು: 'ಮತ್ತು', 'ಎರಡರಲ್ಲಿ ಒಂದೇ', 'ಅಥವಾ'. ಮೊದಲ ಎರಡರಲ್ಲಿ ತಕರಾರಿಲ್ಲ. ಮೂರನೆಯದೇ ತಲೆನೋವು. ಭಾಷೆ ಓದಿದವರಿಗೆ ಇದು ಹಳೆಯ ಗೆಳೆಯ. 'ಆಧಾರ್ ಅಥವಾ ಪ್ಯಾನ್ ತನ್ನಿ' ಎಂದಾಗ ಎರಡನ್ನೂ ತಂದರೆ ಯಾರೂ ಬೈಯುವುದಿಲ್ಲ. 'ಬಸ್ಸಿಗೆ ಅಥವಾ ರೈಲಿಗೆ ಬರ್ತೀನಿ' ಎಂದಾಗ ಎರಡರಲ್ಲೂ ಬರಲಾಗದು. ಪದ ಒಂದೇ, ಯಾವ ಅರ್ಥ ಎಂಬುದನ್ನು ಸಂದರ್ಭ ನೋಡಿ ನಾವು ಹಿಡಿಯುತ್ತೇವೆ.

ಬಾಣಗಳು ಸೇರುವ ಜಾಗದಲ್ಲಿ 'ಅಥವಾ' ಇದ್ದರೆ ಅದರ ಅರ್ಥ, 'ಬರಬೇಕಾದವರೆಲ್ಲ ಬಂದ ಮೇಲೆ ಮುಂದೆ ಹೋಗು'. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿ ಹಾಕುವ ಮುನ್ನ ಹಿರಿಯರೊಬ್ಬರು ಬಾಗಿಲಿಗೆ ಬಂದು ನೋಡುತ್ತಾರಲ್ಲ, ಇನ್ನೂ ಯಾರಾದರೂ ಬರುವವರಿದ್ದಾರಾ ಅಂತ, ಹಾಗೆ. ಅವರು ಬಾಗಿಲಲ್ಲಿ ನಿಂತು ಇಡೀ ಬೀದಿ ನೋಡಬಲ್ಲರು. ಚಿತ್ರದೊಳಗಿನ ಒಂದು ಸಣ್ಣ ವೃತ್ತ ಹೇಗೆ ನೋಡಬೇಕು? ಬರುವವರು ಇದ್ದಾರೋ ಇಲ್ಲವೋ ತಿಳಿಯಲು ಅದು ಇಡೀ ಚಿತ್ರದ ಸ್ಥಿತಿ ಕೇಳಬೇಕು. ಇನ್ನು ಅಂಥ ಎರಡು ವೃತ್ತಗಳು ಒಂದು ಸುತ್ತಿನಲ್ಲಿ ಎದುರುಬದುರಾಗಿದ್ದರೆ? ಇದರಿಂದ ಬರುವುದಿದೆಯೇ ಎಂದು ಅದು ಕಾಯುತ್ತದೆ, ಅದರಿಂದ ಬರುವುದಿದೆಯೇ ಎಂದು ಇದು ಕಾಯುತ್ತದೆ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು.

2002ರಲ್ಲಿ ವಿಲ್ ಫಾನ್ ಡರ್ ಆಲ್ಸ್ಟ್, ಯೊರ್ಗ್ ಡೆಸೆಲ್ ಮತ್ತು ಎಕ್ಕಾರ್ಟ್ ಕಿಂಡ್ಲರ್ ಈ ವಿಷವರ್ತುಲವನ್ನೇ ತಮ್ಮ ಲೇಖನದ ಹೆಸರಲ್ಲಿ ಇಟ್ಟರು. ಆಡುಮಾತಿನಲ್ಲಿ ಎಲ್ಲರಿಗೂ ಅರ್ಥವಾಗುವ ಆ ಗುರುತಿಗೆ, ಎಲ್ಲ ಚಿತ್ರಗಳಿಗೂ ಹೊಂದುವ ಖಚಿತ ಅರ್ಥ ಕೊಡಲು ಹೋದರೆ ಗಣಿತವೇ ಕೈಕೊಡುತ್ತದೆ ಎಂದು ತೋರಿಸಿದರು. ಹತ್ತು ವರ್ಷ ಜನ ಅದನ್ನು ಬಳಸಿದ್ದರು. ತೊಂದರೆ ಆಗಿರಲಿಲ್ಲ, ಏಕೆಂದರೆ ಓದುತ್ತಿದ್ದವರು ಬಾಗಿಲಿಗೆ ಹೋಗಿ ಬೀದಿ ನೋಡಬಲ್ಲ ಮನುಷ್ಯರು.

ಗಲ್ಲಿಗಳು ಮತ್ತು ಪಾತ್ರೆಗಳು

ಇಷ್ಟರಲ್ಲಿ ಇಂಟರ್ನೆಟ್ ಬಂದಿತ್ತು. ಒಂದು ಕಂಪನಿಯ ಕಂಪ್ಯೂಟರ್ ಇನ್ನೊಂದು ಕಂಪನಿಯ ಕಂಪ್ಯೂಟರಿಗೆ ನೇರವಾಗಿ ಸಂದೇಶ ಕಳಿಸಿ ಕೆಲಸ ಮಾಡಿಸಿಕೊಳ್ಳುವ ಕಾಲ. ಅಂಥ ಕೆಲಸದ ಸರಣಿಯನ್ನು ಬರೆಯಲು ಒಂದು ಭಾಷೆ ಬೇಕಿತ್ತು. ಐಬಿಎಂ ಒಂದು ಮಾಡಿತು, ಮೈಕ್ರೋಸಾಫ್ಟ್ ಒಂದು ಮಾಡಿತು. ಎರಡರ ಸ್ವಭಾವವೇ ಬೇರೆ.

ಐಬಿಎಂನದು ಗ್ರಾಫ್. ಹಳೆ ಪೇಟೆಯ ಗಲ್ಲಿಗಳ ಹಾಗೆ, ಯಾವ ಮೂಲೆಯಿಂದಲೂ ಇನ್ನೊಂದು ಮೂಲೆಗೆ ಬಾಣ ಎಳೆಯಬಹುದು. ಮೈಕ್ರೋಸಾಫ್ಟ್‌ನದು ಬ್ಲಾಕ್. ಒಂದರೊಳಗೊಂದು ಕೂರುವ ಪಾತ್ರೆ ಸೆಟ್ಟಿನ ಹಾಗೆ. ಪ್ರತಿ ಪಾತ್ರೆಗೂ ಒಂದೇ ಬಾಯಿ, ಒಳಗಿರುವ ಪಾತ್ರೆ ಪೂರ್ತಿ ಒಳಗೇ ಇರಬೇಕು, ಅರ್ಧ ಹೊರಗೆ ಚಾಚುವ ಹಾಗಿಲ್ಲ. ಜುಲೈ 2002ರಲ್ಲಿ ಈ ಎರಡು ಕಂಪನಿಗಳೂ ಬಿಇಎ ಎಂಬ ಮೂರನೆಯದೂ ಸೇರಿ ಎರಡನ್ನೂ ಬೆಸೆದು ಒಂದು ಭಾಷೆ ಪ್ರಕಟಿಸಿದವು. ಉದ್ದ ಹೆಸರನ್ನು ಎಲ್ಲರೂ ಚಿಕ್ಕದಾಗಿ 'ಬಿಪೆಲ್' ಎಂದರು. 2007ರಲ್ಲಿ ಅದು ಓಯಾಸಿಸ್ ಎಂಬ ಮಾನಕ ಸಂಸ್ಥೆಯ ಅಧಿಕೃತ ಮಾನಕವಾಯಿತು.

ಬೆಸುಗೆ ಹಾಕುವಾಗ ಒಂದು ಷರತ್ತು ಉಳಿಯಿತು. ಬಿಪೆಲ್‌ನಲ್ಲಿ ಪಾತ್ರೆಗಳ ನಡುವೆ ಬಾಣ ಎಳೆಯಬಹುದು. ಆದರೆ ಆ ಬಾಣಗಳು ಸುತ್ತಿ ಬಂದು ಹೊರಟ ಜಾಗವನ್ನೇ ಸೇರುವಂತಿಲ್ಲ. ಹಿಂದಕ್ಕೆ ಹೋಗಬೇಕೆಂದರೆ ಅದಕ್ಕೆಂದೇ ಇರುವ 'ಇದು ನಿಜವಾಗಿರುವವರೆಗೆ ಮತ್ತೆ ಮತ್ತೆ ಮಾಡು' ಎಂಬ ಪಾತ್ರೆಯೊಳಗೆ ಇಡೀ ಕೆಲಸವನ್ನು ಕೂರಿಸಬೇಕು. ಐಬಿಎಂನ ಹಳೆಯ ಕಚೇರಿ ಸಾಫ್ಟ್‌ವೇರಿನಲ್ಲೂ ಇದೇ ನಿಯಮ ಇತ್ತು, ಅಲ್ಲಿಂದಲೇ ಬಂದದ್ದು. ನನ್ನ ವಾಪಸ್ ಬರುವ ಬಾಣ ಬಿದ್ದುಹೋದ ಜಾಗಗಳಲ್ಲಿ ಇದೂ ಒಂದು.

ಬಿಪೆಲ್‌ನಲ್ಲಿ ಇನ್ನೂ ಒಂದು ಇರಲಿಲ್ಲ: ಮನುಷ್ಯ. ವ್ಯವಹಾರದ ಕೆಲಸಗಳನ್ನು ಬರೆಯಲೆಂದೇ ಮಾಡಿದ ಭಾಷೆ. ಅದರಲ್ಲಿ ಸಂದೇಶ ಕಳಿಸಬಹುದು, ಪಡೆಯಬಹುದು, ಕಾಯಬಹುದು. ಆದರೆ 'ಇದನ್ನು ಮ್ಯಾನೇಜರ್ ನೋಡಿ ಸಹಿ ಹಾಕಲಿ' ಎನ್ನಲು ಪದವಿಲ್ಲ. 2005ರಲ್ಲಿ ಐಬಿಎಂ ಮತ್ತು ಸ್ಯಾಪ್ ಸೇರಿ ಮನುಷ್ಯರನ್ನು ಸೇರಿಸಿಕೊಳ್ಳುವ ಒಂದು ವಿಸ್ತರಣೆಯ ಪ್ರಸ್ತಾಪ ಮುಂದಿಟ್ಟವು. ಅದರ ಹೆಸರಿನಲ್ಲೇ 'ಜನರಿಗಾಗಿ' ಎಂದು ಹೇಳಬೇಕಾಗಿ ಬಂತು.

ಅನುವಾದಕರ ಪಾಡು

ಬಿಪೆಲ್ ಎಂದರೆ ಉದ್ದನೆಯ ಎಕ್ಸ್‌ಎಂಎಲ್ ಪಠ್ಯ. ಮ್ಯಾನೇಜರುಗಳು ಅದನ್ನು ಓದುವುದಿಲ್ಲ. ಅವರಿಗಾಗಿ 2004ರಲ್ಲಿ ಇನ್ನೊಂದು ಚಿತ್ರಭಾಷೆ ಬಂತು, ಬಿಪಿಎಂಎನ್. ಸ್ಟೀಫನ್ ವೈಟ್ ಮುಂದಾಳಾಗಿ ರೂಪಿಸಿದ್ದು. ದುಂಡು ಮೂಲೆಯ ಡಬ್ಬಿ ಎಂದರೆ ಕೆಲಸ, ವಜ್ರಾಕೃತಿ ಎಂದರೆ ಕವಲು, ವೃತ್ತ ಎಂದರೆ ಆರಂಭ ಅಥವಾ ಅಂತ್ಯ. ಹೊರನೋಟಕ್ಕೆ ಹಳೆಯ ಫ್ಲೋಚಾರ್ಟಿನ ಮೊಮ್ಮಗು. ಇದರಲ್ಲಿ ಬಾಣ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು, ಹಿಂದಕ್ಕೂ. ಪೂರ್ತಿ ಗಲ್ಲಿಗಳ ಲೋಕ. ಮ್ಯಾನೇಜರ್ ಬಿಪಿಎಂಎನ್ ಬರೆಯಲಿ, ಅದನ್ನು ಯಂತ್ರ ಬಿಪೆಲ್‌ಗೆ ಅನುವಾದ ಮಾಡಲಿ, ಅದು ಓಡಲಿ ಎಂಬುದು ಲೆಕ್ಕಾಚಾರ. ಅನುವಾದದ ಸೂಚನೆಗಳ ಒಂದು ಅಧ್ಯಾಯವೂ ಆ ದಸ್ತಾವೇಜಿನಲ್ಲೇ ಇತ್ತು.

ಒಂದು ಸಾಲದ ಅರ್ಜಿ ಎಂದುಕೊಳ್ಳಿ. ಗ್ರಾಹಕ ಅರ್ಜಿ ಕೊಡುತ್ತಾನೆ, ಗುಮಾಸ್ತೆ ಕಾಗದ ನೋಡುತ್ತಾಳೆ, ಮ್ಯಾನೇಜರ್ ಒಪ್ಪುತ್ತಾರೆ. ಕಾಗದ ಕಡಿಮೆ ಇದ್ದರೆ ಗುಮಾಸ್ತೆ ಗ್ರಾಹಕನಿಗೆ ವಾಪಸ್ ಕೊಡುತ್ತಾಳೆ: ಒಂದು ಹಿಂಬಾಣ. ಮ್ಯಾನೇಜರಿಗೆ ಅನುಮಾನ ಬಂದರೆ ಗುಮಾಸ್ತೆಗೆ ವಾಪಸ್: ಇನ್ನೊಂದು ಹಿಂಬಾಣ. ಎರಡು ಸುತ್ತುಗಳೂ ಗುಮಾಸ್ತೆಯ ಮೇಜಿನ ಮೇಲೆ ಒಂದನ್ನೊಂದು ದಾಟುತ್ತವೆ. ಇದನ್ನು ಪಾತ್ರೆಗಳಲ್ಲಿ ಕೂರಿಸಲು ಹೋದರೆ ಎರಡು ಪಾತ್ರೆಗಳು ಅರ್ಧರ್ಧ ಒಂದರೊಳಗೊಂದು ಚಾಚಿಕೊಳ್ಳುತ್ತವೆ. ಕೂರುವುದಿಲ್ಲ.

ಇದಕ್ಕೆ ಉತ್ತರ ಇಲ್ಲವೆಂದಲ್ಲ. ಎಂಥ ಗೋಜಲು ಫ್ಲೋಚಾರ್ಟನ್ನೂ ಸರಣಿ, ಕವಲು, ಸುತ್ತು ಎಂಬ ಮೂರೇ ಪಾತ್ರೆಗಳಲ್ಲಿ ಬರೆಯಬಹುದೆಂದು 1966ರಲ್ಲೇ ಇಟಲಿಯ ಕೊರಾಡೊ ಬೋಮ್ ಮತ್ತು ಜೂಸೆಪ್ಪೆ ಯಾಕೋಪಿನಿ ತೋರಿಸಿದ್ದರು. ಆದರೆ ಅದಕ್ಕಾಗಿ 'ಎಲ್ಲಿಗೆ ಹೋಗಬೇಕಿತ್ತು' ಎಂದು ನೆನಪಿಡುವ ಹೆಚ್ಚುವರಿ ಗುರುತುಗಳನ್ನು ಸೇರಿಸಬೇಕು. ಕೋಡ್ ಸರಿಯಾಗಿ ಓಡುತ್ತದೆ, ಮೂಲದ ಆಕಾರ ಉಳಿಯುವುದಿಲ್ಲ. ಇನ್ನು ಒಂದೇ ಹೊತ್ತಿಗೆ ಹಲವು ಕೆಲಸ ನಡೆಯುವ ಚಿತ್ರಗಳಿಗೆ ಈ ಉಪಾಯವೂ ಎಲ್ಲ ಸಲ ಸಾಲದು. ಕೆಲವನ್ನು ಪಾತ್ರೆಗಳಲ್ಲಿ ಬರೆಯಲು ಸಾಧ್ಯವೇ ಇಲ್ಲ ಎಂದು 2000ದಲ್ಲಿ ಬಾರ್ಟೆಕ್ ಕಿಪುಷೆವ್‌ಸ್ಕಿ ಮತ್ತು ಜೊತೆಗಾರರು ತೋರಿಸಿದರು.

ಆಸ್ಟ್ರೇಲಿಯಾದ ಬ್ರಿಸ್ಬೇನ್ ಮತ್ತು ನೆದರ್ಲೆಂಡ್ಸ್‌ನ ಐಂಧೋವನ್ ವಿಶ್ವವಿದ್ಯಾಲಯಗಳ ಒಂದು ಗುಂಪು ಈ ಅನುವಾದವನ್ನು ಶ್ರದ್ಧೆಯಿಂದ ಮಾಡಿತು. ಚುನ್ ಓಯಾಂಗ್, ಮಾರ್ಲೊನ್ ಡುಮಾಸ್, ಆರ್ಥರ್ ಟೆರ್ ಹಾಫ್‌ಸ್ಟೆಡ್, ಮೇಲೆ ಹೇಳಿದ ಫಾನ್ ಡರ್ ಆಲ್ಸ್ಟ್ ಅದರಲ್ಲಿದ್ದರು. ಅವರ ದಾರಿ ನನ್ನಂಥವರಿಗೆ ಸಲೀಸಾಗಿ ಅರ್ಥವಾಗುತ್ತದೆ. ಮೊದಲು ಚಿತ್ರದಲ್ಲಿ ಅಚ್ಚುಕಟ್ಟಾಗಿ ಪಾತ್ರೆಯಲ್ಲಿ ಕೂರುವ ತುಂಡುಗಳನ್ನು ಹುಡುಕು. ಪ್ರತಿಯೊಂದನ್ನೂ ಅನುವಾದಿಸಿ, ಅದರ ಜಾಗದಲ್ಲಿ ಒಂದೇ ಡಬ್ಬಿ ಇಡು. ಹಾಗೆ ಮಡಚುತ್ತ ಹೋಗು. ಹಾಗೆ ಕೂರದೆ, ಆದರೆ ಸುತ್ತೂ ಇಲ್ಲದೆ ಉಳಿದದ್ದಕ್ಕೆ ಬಿಪೆಲ್‌ನ ಬಾಣ ಬಳಸು. ಕೊನೆಗೆ ಯಾವುದಕ್ಕೂ ಬಗ್ಗದ ತುಂಡು ಉಳಿದರೆ, ಅದರ ಪ್ರತಿ ಹೆಜ್ಜೆಯನ್ನೂ 'ಇಂಥ ಸಂದೇಶ ಬಂದರೆ ಇಂಥದ್ದು ಮಾಡು' ಎಂಬ ಸ್ವತಂತ್ರ ನಿಯಮವಾಗಿ ಬರೆ. ಆಗ ಪ್ರೋಗ್ರಾಂ ತನಗೆ ತಾನೇ ಕಾಗದ ಬರೆದುಕೊಂಡು, ತಾನೇ ಓದಿ, ಮುಂದಿನ ಹೆಜ್ಜೆ ಇಡುತ್ತದೆ.

ಕೊನೆಯ ಉಪಾಯ ಸರಿಯಾದ ಅನುವಾದವೇ. ಆದರೆ ಓದಲಾಗದ ಅನುವಾದ. ಗಾದೆಯನ್ನು ಪದಪದ ಬಿಡಿಸಿ ಅಡಿಟಿಪ್ಪಣಿಯಲ್ಲಿ ವಿವರಿಸಿದ ಹಾಗೆ.

ಇದರಿಂದ ಇನ್ನೂ ದೊಡ್ಡ ತೊಂದರೆ ಹಿಂದಿನಿಂದ ಬಂತು. ಕೋಡ್ ತಯಾರಾದ ಮೇಲೆ ಪ್ರೋಗ್ರಾಮರ್ ಅದರಲ್ಲಿ ತಿದ್ದುಪಡಿ ಮಾಡುತ್ತಾನೆ, ಮಾಡಲೇಬೇಕು. ಅದು ಚಿತ್ರಕ್ಕೆ ಮರಳಬೇಕಲ್ಲ? ಆಕಾರವೇ ಉಳಿಯದ ಕೋಡಿನಿಂದ ಮ್ಯಾನೇಜರಿನ ಚಿತ್ರವನ್ನು ಮತ್ತೆ ತೆಗೆಯಲಾಗುವುದಿಲ್ಲ. ಕಾಲ ಕಳೆದಂತೆ ಗೋಡೆಯ ಮೇಲಿನ ಚಿತ್ರ ಒಂದು ಹೇಳುತ್ತದೆ, ಓಡುವ ಕೋಡ್ ಇನ್ನೊಂದು ಮಾಡುತ್ತದೆ. ಜಗಳ ಬಂದಾಗ ಗೆಲ್ಲುವುದು ಕೋಡ್, ಓದಬಲ್ಲವರು ಕಡಿಮೆ ಇರುವ ಪಠ್ಯ.

ಬೀಜಗಳು ಮರಳಿದವು

ಜನವರಿ 2011ರಲ್ಲಿ ಬಂದ ಬಿಪಿಎಂಎನ್ 2.0 ಈ ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿತು. ಅನುವಾದವೇ ಬೇಡ, ಯಂತ್ರ ಚಿತ್ರವನ್ನೇ ಓದಲಿ. ಚಿತ್ರದ ಪ್ರತಿ ಗುರುತೂ ನಡೆಯುವ ಬಗೆಯನ್ನು ಆ ದಸ್ತಾವೇಜು 'ಟೋಕನ್'ಗಳ ಓಡಾಟದಲ್ಲಿ ವಿವರಿಸುತ್ತದೆ. ಅಂದರೆ ಪೆಟ್ರಿಯ ಬೀಜಗಳೇ, ಸುಮಾರು ಅರ್ಧ ಶತಮಾನದ ಮೇಲೆ. ಬಿಪೆಲ್‌ಗೆ ಅನುವಾದಿಸುವ ಅಧ್ಯಾಯ ಅದರಲ್ಲೂ ಇದೆ, ಆದರೆ ಅದೊಂದೇ ದಾರಿಯಲ್ಲ. 2010ರಲ್ಲಿ ಆಕ್ಟಿವಿಟಿ ಎಂಬ ಮುಕ್ತ ತಂತ್ರಾಂಶ, 2013ರಲ್ಲಿ ಅದರಿಂದ ಕವಲೊಡೆದ ಬರ್ಲಿನ್‌ನ ಕಮುಂಡ, ಇಂಥವು ಬಿಪಿಎಂಎನ್ ಕಡತವನ್ನು ನೇರವಾಗಿ ಓದಿ ನಡೆಸುತ್ತವೆ. ಹಿಂಬಾಣ ಎಳೆದರೆ ಹಿಂದಕ್ಕೆ ಹೋಗುತ್ತದೆ.

ಹಾಗಾದರೆ ಕಥೆ ಸುಖಾಂತವೇ? ಅರ್ಧ. ಯಂತ್ರ ಓದಬೇಕಾದರೆ ಚಿತ್ರದಲ್ಲಿ ಎಲ್ಲವೂ ಇರಬೇಕು. 'ಮೊತ್ತ ದೊಡ್ಡದಿದ್ದರೆ' ಎಂದು ಮ್ಯಾನೇಜರ್ ವಜ್ರಾಕೃತಿಯ ಪಕ್ಕ ಬರೆದರೆ ಸಾಲದು. ಎಷ್ಟು ದೊಡ್ಡದು, ಯಾವ ಫಾರಂನ ಯಾವ ಕಾಲಂನಿಂದ ತೆಗೆಯಬೇಕು, ಕಾಲಂ ಖಾಲಿ ಇದ್ದರೇನು ಎಂಬುದನ್ನೆಲ್ಲ ಪ್ರೋಗ್ರಾಮರ್ ಚಿತ್ರದ ಹಿಂದಿನ ಪದರಿನಲ್ಲಿ ತುಂಬುತ್ತಾನೆ. ಮೇಲಿನಿಂದ ನೋಡಿದರೆ ಅದೇ ಚಿತ್ರ. ಅದು ಬರೀ ಚಿತ್ರವೋ ಓಡುವ ಪ್ರೋಗ್ರಾಮೋ ಎಂದು ಹೇಳಲು ಆ ಕಡತದಲ್ಲಿ ನಿಜ, ಸುಳ್ಳು ಎಂದು ನಮೂದಿಸುವ ಒಂದು ಸಣ್ಣ ಗುರುತಿದೆ. ಕಣ್ಣಿಗೆ ಅದು ಕಾಣುವುದಿಲ್ಲ. ಮ್ಯಾನೇಜರ್ ಮತ್ತು ಪ್ರೋಗ್ರಾಮರ್ ಒಂದೇ ಹಾಳೆಯ ಮುಂದೆ ಕೂತು ಎರಡು ಬೇರೆ ಪಠ್ಯ ಓದುತ್ತಿರಬಹುದು. ಬಿಪಿಎಂಎನ್‌ನ ಹಿಂದಿನ ಆವೃತ್ತಿಯನ್ನು ಜನ ಹೇಗೆ ಬಳಸುತ್ತಾರೆಂದು 2008ರಲ್ಲಿ ಮೈಕೆಲ್ ತ್ಸುರ್ ಮ್ಯೂಲನ್ ಮತ್ತು ಯಾನ್ ರೆಕರ್ ನೋಡಿದಾಗ, ಅದರ ಶಬ್ದಕೋಶದ ಐದರಲ್ಲೊಂದು ಪಾಲೂ ನಿಯಮಿತ ಬಳಕೆಯಲ್ಲಿ ಇರಲಿಲ್ಲ. ಜನ ಮಾತಾಡುವಷ್ಟು ಭಾಷೆ ಬಳಸುತ್ತಿದ್ದರು. ಉಳಿದದ್ದು ಯಂತ್ರಕ್ಕೆ ಬೇಕಾದ ವ್ಯಾಕರಣ.

ಯಾರ ಬಾಣ

ಇಲ್ಲಿಯವರೆಗೆ ಹಿಂಬಾಣ ಕಳೆದುಹೋದದ್ದೇ ಅನ್ಯಾಯ ಎಂಬ ಧಾಟಿಯಲ್ಲಿ ಹೇಳುತ್ತ ಬಂದೆ. ನಮ್ಮ ಊರಿನ ಕಡೆಯ ಒಂದು ಉದಾಹರಣೆ ನನ್ನನ್ನು ಅಲ್ಲಿ ತಡೆಯುತ್ತದೆ.

2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅದು ಬಿಪಿಎಂಎನ್‌ನಲ್ಲಿ ಬರೆದದ್ದಲ್ಲ, ಆ ಹೆಸರೇ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಕಚೇರಿಯ ಕ್ರಮವನ್ನು ಕೋಡಿಗೆ ಇಳಿಸುವ ಕೆಲಸವೇ. ಅದರಲ್ಲಿ ಒಂದು ತೀರ್ಮಾನ ಬಹಳ ಮುಖ್ಯವಾದದ್ದು. ಜಮೀನಿನ ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕಟ್ಟಿದರು. ಒಬ್ಬರ ಅರ್ಜಿ ಕೆಳಗಿಟ್ಟು ಇನ್ನೊಬ್ಬರದನ್ನು ಮೇಲೆ ಎಳೆಯುವ ಹಾಗಿಲ್ಲ. ಕೈಬರಹದ ಕಾಲದಲ್ಲಿ ಆ ಎಳೆದಾಟವೇ ಕೆಲವರ ಸಂಪಾದನೆಯಾಗಿತ್ತು. ಯಂತ್ರ ಒಂದು ಬಾಣ ಅಳಿಸಿದ್ದರಿಂದ ರೈತನಿಗೆ ಒಳ್ಳೆಯದೇ ಆಯಿತು.

ತಾಲ್ಲೂಕು ಕಚೇರಿಗೆ ಅಲೆದವರಿಗೆ ಗೊತ್ತು, 'ವಾಪಸ್' ಎಂಬ ಪದ ಎರಡು ಬಗೆಯದು. ತಪ್ಪು ತಿದ್ದಿಕೊಳ್ಳಲು ಕೊಡುವ ವಾಪಸ್ ಒಂದು. ಇವತ್ತು ಈ ಕಾಗದ, ನಾಳೆ ಆ ಕಾಗದ ಎಂದು ಸುತ್ತಿಸಿ ಸುಸ್ತು ಮಾಡುವ ವಾಪಸ್ ಇನ್ನೊಂದು. ಚಿತ್ರದಲ್ಲಿ ಎರಡಕ್ಕೂ ಒಂದೇ ಬಾಣ. ಅದನ್ನು ಇಡಬೇಕೋ ಅಳಿಸಬೇಕೋ ಎಂಬುದು ತಂತ್ರದ ಪ್ರಶ್ನೆ ಅಲ್ಲ. ಆ ಮೇಜಿನ ಎರಡೂ ಕಡೆ ಕೂತವರನ್ನು ಕೇಳಿ ಮಾಡಬೇಕಾದ ತೀರ್ಮಾನ. ನೂರು ವರ್ಷದ ಈ ಕಥೆಯಲ್ಲಿ ಮತ್ತೆ ಮತ್ತೆ ನಡೆದದ್ದು ಏನೆಂದರೆ, ಆ ತೀರ್ಮಾನ ಯಾರ ಗಮನಕ್ಕೂ ಬಾರದೆ ಅನುವಾದದ ನಡುವೆ ಆಗಿಹೋಯಿತು. ಭಾಷೆಯಲ್ಲಿ ಸುತ್ತು ಬರೆಯುವುದು ಕಷ್ಟ ಎಂಬ ಕಾರಣಕ್ಕೆ, ಅಥವಾ ಚಿತ್ರ ಬರೆಸಿದ ದಿನ ಗುಮಾಸ್ತೆಯನ್ನು ಸಭೆಗೆ ಕರೆದಿರಲಿಲ್ಲ ಎಂಬ ಕಾರಣಕ್ಕೆ.

ನನ್ನ ಪೋರ್ಟಲಿನಲ್ಲಿ ಆ ಗುಂಡಿ ಯಾಕಿಲ್ಲ ಎಂದು ಮೇಡಂ ಕೇಳಿ ನೋಡಿದರಂತೆ. ಅದನ್ನು ಮಾಡಿಸಿದಾಗ ಅನುವಾದಕರನ್ನಾಗಲಿ, ಕೆಲಸ ಹಂಚುವವರನ್ನಾಗಲಿ ಯಾರೂ ಕೇಳಿರಲಿಲ್ಲ. ಒಪ್ಪು, ತಿರಸ್ಕರಿಸು, ಇಷ್ಟು ಸಾಕು ಅಂದುಕೊಂಡರು.

ಈಗ ನಮ್ಮಿಬ್ಬರದು ಬೇರೆ ಏರ್ಪಾಡು. ಕೆಲಸ ಮುಗಿದ ಮೇಲೆ ನಾನು ಸಬ್‌ಮಿಟ್ ಒತ್ತುವುದಿಲ್ಲ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಅವರು ಕಣ್ಣಾಡಿಸಿ ಏನಾದರೂ ಇದ್ದರೆ ಹೇಳುತ್ತಾರೆ, ನಾನು ತಿದ್ದುತ್ತೇನೆ, ಕೆಲವು ಸಲ ಎರಡು ಮೂರು ಸುತ್ತು. ಎಲ್ಲ ಸರಿ ಅಂದ ಮೇಲೆ ಪೋರ್ಟಲಿಗೆ ಹಾಕುತ್ತೇನೆ. ಅದರ ದಾಖಲೆ ನೋಡಿದವರಿಗೆ ನನ್ನ ಕೆಲಸ ಈಗ ಪ್ರತಿ ಸಲವೂ ಒಂದೇ ಏಟಿಗೆ ಸ್ವೀಕಾರವಾಗುತ್ತಿದೆ, ಎಲ್ಲವೂ ನಿಯಮದ ಪ್ರಕಾರವೇ ನಡೆಯುತ್ತಿದೆ.